ಮೂರು ಕೆಳಗಿನವರದು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಉಸಿರಕ್ಕ ಎಂದೇ ಕರೆಯುತ್ತಿದ್ದರು. ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಅದೇ ಮಾತು: "ಗದ್ದ ಮೇಲೆ. ಭುಜ ಮುಂದೆ. ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ." ಆಮೇಲೆ ಸೀಸದ ಗಾಜಿನ ಹಿಂದೆ ನಿಂತು ಗುಂಡಿ ಒತ್ತಿ, "ಬಿಡಿ." ದಿನಕ್ಕೆ ಐವತ್ತು ಅರವತ್ತು ಜನರ ಉಸಿರು ಅವಳ ಮಾತಿಗೆ ನಿಂತು ಅವಳ ಮಾತಿಗೇ ಹೊರಡುತ್ತಿತ್ತು.

"ಉಸಿರಕ್ಕ, ಒಂದಿನ 'ಬಿಡಿ' ಅನ್ನೋದು ಮರೆತು ಊಟಕ್ಕೆ ಹೋಗ್ಬಿಟ್ರೆ ಪಾಪ ಅವರ ಗತಿ ಏನು?" ಎಂದು ವಾರ್ಡಿನ ಆಯಾ ಕೇಳುತ್ತಿದ್ದಳು.

"ನೀನೇ ಬಂದು ಬಿಡಿಸು," ಎನ್ನುತ್ತಿದ್ದಳು ಇವಳು. ಅಷ್ಟೇ ನಗು, ಅಷ್ಟೇ ಮಾತು. ಸಂಜೆ ಮನೆಗೆ ಬಂದರೆ ಮರುದಿನ ಮೊದಲ ರೋಗಿ ಎದುರು ನಿಲ್ಲುವ ತನಕ ಅವಳ ಗಂಟಲಿಗೆ ಕೆಲಸವಿರಲಿಲ್ಲ.

ನಾಲ್ಕು ಮಹಡಿಯ ಕಟ್ಟಡದಲ್ಲಿ ಎಲ್ಲಕ್ಕಿಂತ ಮೇಲಿನ ಮನೆ ಅವಳದು. ಅದರ ಮೇಲೆ ತಾರಸಿ. ತಾರಸಿಯ ಮೂಲೆಯಲ್ಲಿ ಆರಡಿ ಅಗಲದ ಹಳೆಯ ಡಿಶ್ ಒಂದು ಆಕಾಶಕ್ಕೆ ಮುಖ ಮಾಡಿ ನಿಂತಿತ್ತು. ಕಟ್ಟಡದ ಉಳಿದವರೆಲ್ಲ ಪುಟ್ಟ ಡಿಶ್‌ಗಳಿಗೆ ಬದಲಾಗಿ, ಆಮೇಲೆ ಅದೂ ಬೇಡವೆಂದು ಇಂಟರ್ನೆಟ್ಟಿಗೆ ಹೋಗಿದ್ದರು. ಕೆಳಮನೆಯ ದರ್ಜಿ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದ: "ಆ ಬಾಣಲೆ ಯಾವಾಗ ಇಳಿಸ್ತೀರ ಮೇಡಂ? ಬಟ್ಟೆ ಒಣಗಿಸೋಕೆ ಜಾಗ ಆಗುತ್ತೆ." ಅವಳು ವರ್ಷಕ್ಕೊಮ್ಮೆ ಅದರ ಕಾಲಿಗೆ ಬಣ್ಣ ಬಳಿಯುತ್ತಿದ್ದಳು, ಇಳಿಸುತ್ತಿರಲಿಲ್ಲ.

ಡಿಶ್ ಅಪ್ಪನದು. ಅಪ್ಪನಿಗೆ ರೇಡಿಯೋ, ಟಿವಿ ರಿಪೇರಿ ಕೆಲಸ. ಮನೆಯೆಲ್ಲ ಬಿಚ್ಚಿಟ್ಟ ಪೆಟ್ಟಿಗೆಗಳು, ಕಾದ ಸೀಸದ ವಾಸನೆ. ಹೆಂಡತಿ ಬೇಗ ಹೋದಳು. ಮಗಳು, ಮಗ ಇಬ್ಬರನ್ನೂ ಅವನು ತಂತಿಗಳ ನಡುವೆಯೇ ಬೆಳೆಸಿದ. ಡಿಶ್ ತಿರುಗಿಸುವ ದಿನ ತಮ್ಮ ತಾರಸಿಯಲ್ಲಿ, ಅವಳು ಕೆಳಗೆ ಟಿವಿಯ ಮುಂದೆ. ಬೋಲ್ಟನ್ನು ಕಾಲು ಸುತ್ತು ತಿರುಗಿಸಿದ ಮೇಲೆ ಚಿತ್ರ ಹಿಡಿಯಲು ಮೂರು ಎಣಿಸುವಷ್ಟು ಹೊತ್ತು ಬೇಕು. ಮೇಲಿದ್ದವನು ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಿ ಮೂರಕ್ಕೆ ಬಾಯಿ ಮುಚ್ಚಬೇಕು. ಆ ಸಂದಿಯಲ್ಲಿ ಕೆಳಗಿನವಳು 'ಬಂತು' ಎಂದೋ 'ಹೋಯ್ತು' ಎಂದೋ ಕೂಗಬೇಕು. ಅವಳು ಕೂಗದಿದ್ದರೆ ಮಾತ್ರ ಅವನು ನಾಲ್ಕಕ್ಕೆ ಹೋಗಬಹುದು.

"ಮೂರು ಕೆಳಗಿನವರದು," ಎನ್ನುತ್ತಿದ್ದ ಅಪ್ಪ. "ಎಲ್ಲಾ ನೀನೇ ಎಣಿಸ್ತಾ ಹೋದ್ರೆ ಕೆಳಗಿನವರು ಹೇಳೋದು ಯಾರಿಗೆ ಕೇಳಿಸ್ಬೇಕು?"

ಹೀಗೆ ಆ ಮನೆಯ ಮಕ್ಕಳಿಬ್ಬರೂ ಮೂರನ್ನು ಬಿಟ್ಟು ಎಣಿಸಲು ಕಲಿತರು. ಶಾಲೆಯಲ್ಲಿ ತಮ್ಮ ಮಗ್ಗಿ ಹೇಳುವಾಗಲೂ ಒಮ್ಮೆ ಮೂರಕ್ಕೆ ಬಾಯಿ ಮುಚ್ಚಿ ನಿಂತು ಮೇಷ್ಟ್ರಿಂದ ಏಟು ತಿಂದು ಬಂದಿದ್ದ.

ದೊಡ್ಡವನಾಗಿ ಅವನು ವಾರ್ತಾ ಚಾನೆಲ್ಲೊಂದರ ಕ್ಯಾಮೆರಾ ಹಿಡಿದ. ತಲೆಯ ಮೇಲೆ ಡಿಶ್ ಹೊತ್ತ ವ್ಯಾನಿನಲ್ಲಿ ಊರೂರು ಸುತ್ತುವ ಕೆಲಸ. ಅವಳು ಎಕ್ಸ್‌ರೇ ಕಲಿತಳು, ಮದುವೆಯ ಮಾತು ಬಂದಾಗಲೆಲ್ಲ "ಅಪ್ಪನಿಗೆ ಯಾರು?" ಎಂದಳು, ಕೊನೆಗೆ ಯಾರೂ ಕೇಳದಾದರು.

ಆರು ವರ್ಷದ ಹಿಂದೆ ಅಪ್ಪನಿಗೆ ಕೊನೆ ಹತ್ತಿರವಾದಾಗ ತಮ್ಮ ದೂರದಲ್ಲಿ, ನೆರೆ ಬಂದು ಕೊಚ್ಚಿಹೋದ ಒಂದು ಬೀದಿಯ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದ. ಅವಳು ಫೋನ್ ಮಾಡಿದಾಗ, "ನಾಳೆ ಬೆಳಿಗ್ಗೆ ಹೊರಡ್ತೀನಿ ಅಕ್ಕ," ಎಂದ. ದಾರಿ ಮುಳುಗಿತ್ತು. ಬಂದದ್ದು ಮೂರನೆಯ ದಿನ, ಎಲ್ಲ ಮುಗಿದ ಮೇಲೆ. ಬೂಟಿನ ತುಂಬ ಆ ಊರಿನ ಕೆಸರು. ಅವಳು ಬಾಗಿಲಲ್ಲಿ ನಿಂತು ಹೇಳಿದಳು: "ಇನ್ನೊಬ್ಬರ ಮನೆ ಸಾವು ಹಿಡೀತಾ ಇರು ನೀನು. ಈ ಮನೆಗೆ ಬರಬೇಡ."

ತಮ್ಮ ಹೊಸ್ತಿಲ ಹೊರಗಿನಿಂದಲೇ ಮೆಟ್ಟಿಲಿಳಿದು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಮಾತನ್ನು ಅವನು ಚಿಕ್ಕಂದಿನಿಂದಲೂ ಮೀರಿದವನಲ್ಲ, ಇದನ್ನೂ ಮೀರಲಿಲ್ಲ.

ಎರಡು ವರ್ಷ ಅಪ್ಪನ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಒಂದು ರಜೆಯ ದಿನ ಧೂಳು ಹೊಡೆಯಲು ಒಳಹೊಕ್ಕವಳಿಗೆ ಅಪ್ಪನ ಕಂಪ್ಯೂಟರ್ ಕಂಡಿತು. ಕೊನೆಗಾಲದಲ್ಲಿ ಅವನು ಡಿಶ್‌ನ ತಂತಿಯನ್ನು ಟಿವಿಯಿಂದ ಕಿತ್ತು ಇದರ ಬೆನ್ನಿನೊಳಗೆ ಕೂರಿಸಿದ್ದ. ಪಕ್ಕದಲ್ಲಿ ನೋಟ್‌ಬುಕ್ಕು, ಅದರ ತುಂಬ ಅಪ್ಪನ ದುಂಡು ಅಕ್ಷರದಲ್ಲಿ ಐದಂಕಿಯ ಸಂಖ್ಯೆಗಳು: ಯಾವ ವ್ಯಾನು ಆಕಾಶದ ಯಾವ ತಾವಿಗೆ ಚಿತ್ರ ಕಳಿಸುತ್ತದೆ ಎಂಬ ಪಟ್ಟಿ. ಬೀದಿಯಲ್ಲಿ ನಿಂತ ವ್ಯಾನು ಸ್ಟುಡಿಯೋಗೆ ಕಳಿಸುವ ಚಿತ್ರ ಮೊದಲು ಮೇಲಿನ ಉಪಗ್ರಹಕ್ಕೆ ಹೋಗಿ ಕೆಳಗಿಳಿಯುತ್ತದೆ. ಇಳಿಯುವಾಗ ಸ್ಟುಡಿಯೋದ ಮೇಲಷ್ಟೇ ಬೀಳದೆ ಎಲ್ಲ ತಾರಸಿಗಳ ಮೇಲೂ ಬೀಳುತ್ತದೆ. ದೊಡ್ಡ ಡಿಶ್ ಇದ್ದವರು ಹಿಡಿದುಕೊಳ್ಳಬಹುದು. "ಟಿವಿಗೆ ಬರೋದು ನೀರು ಬೆರೆಸಿದ ಹಾಲು ಕಣೆ. ಇದು ಆಗ ತಾನೇ ಕರೆದದ್ದು," ಎಂದು ಅಪ್ಪ ಹೇಳುತ್ತಿದ್ದುದು ನೆನಪಾಯಿತು.

ನಿಜವಾಗಿತ್ತು ಅದು. ಟಿವಿಯಲ್ಲಿ ಮಸುಕಾಗಿ ಕಾಣುವ ಕೋಟು ಇಲ್ಲಿ ದಾರದೆಳೆ ಎಣಿಸುವಷ್ಟು ಸ್ಪಷ್ಟ. ಮೊದಮೊದಲು ಅವಳು ಸಿಕ್ಕಿದ್ದನ್ನೆಲ್ಲ ನೋಡಿದಳು. ಆಟ ಶುರುವಾಗಲು ಇನ್ನೂ ಎರಡು ಗಂಟೆಯಿರುವ ಖಾಲಿ ಮೈದಾನ. ಭಾಷಣಕಾರ ಬಾರದ ಸಭೆಯ ಒಂಟಿ ಕುರ್ಚಿ. ವಾರ್ತೆಗೆ ಮೊದಲು ಯಾರೂ ನೋಡುತ್ತಿಲ್ಲವೆಂದು ಹಲ್ಲಿನ ಸಂದಿ ಕೆದಕುವ ವರದಿಗಾರರು. ಕಾಯುವುದನ್ನು ಬಿಟ್ಟು ಬೇರೇನೂ ನಡೆಯದ ಆ ಚಿತ್ರಗಳ ಜೊತೆ ಕೂತು ಉಣ್ಣುವುದು ಅವಳಿಗೆ ಹಿಡಿಸಿತು.

ಹೀಗೇ ಒಂದು ಸಂಜೆ, ಕುಸಿದ ಸೇತುವೆಯ ಮುಂದೆ ವರದಿಗಾರ್ತಿಯೊಬ್ಬಳು ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಕ್ಯಾಮೆರಾದ ಹಿಂದಿನಿಂದ ಗಂಡು ದನಿಯೊಂದು ಮೈಕು ಪರೀಕ್ಷಿಸಿತು:

"ಒಂದು. ಎರಡು."

ಸದ್ದಿಲ್ಲ.

"ನಾಲ್ಕು."

ಅವಳ ಕೈಯ ಚಮಚ ತಟ್ಟೆಗೆ ಬಿತ್ತು.

ಅಂದಿನಿಂದ ನಾಲ್ಕು ವರ್ಷ, ವಾರಕ್ಕೆ ಮೂರೋ ನಾಲ್ಕೋ ಸಂಜೆ, ಆರು ಗಂಟೆಯ ವಾರ್ತೆಗೆ ಮೊದಲಿನ ಅರ್ಧ ಗಂಟೆ ಅವಳು ತಮ್ಮನ ಜೊತೆ ಕಳೆದಳು. ಕ್ಯಾಮೆರಾ ಹಿಡಿದವನು ಚಿತ್ರದಲ್ಲಿ ಕಾಣುವುದಿಲ್ಲ. ಬಿಸಿಲು ಇಳಿದ ದಿನ ಅವನ ನೆರಳು ನೆಲದ ಮೇಲೆ ಉದ್ದಕ್ಕೆ ಚಾಚಿ ವರದಿಗಾರ್ತಿಯ ಕಾಲು ಮುಟ್ಟುತ್ತಿತ್ತು. ಬಣ್ಣ ಸರಿಮಾಡಲು ಅವನು ಮಸೂರದ ಮುಂದೆ ಬಿಳಿ ಹಾಳೆ ಹಿಡಿದಾಗ ಹಾಳೆಯ ಅಂಚಿನಲ್ಲಿ ಒಂದು ಹೆಬ್ಬೆರಳು ಬರುತ್ತಿತ್ತು. ಉಗುರಿನ ಪಕ್ಕ ಸುಟ್ಟ ಕಲೆ: ಒಂಬತ್ತರ ವಯಸ್ಸಿನಲ್ಲಿ ಅಪ್ಪನ ಸಾಲ್ಡರಿಂಗ್ ಐರನ್ ತಾಗಿದ್ದು, ಅವಳೇ ತಣ್ಣೀರಿನಲ್ಲಿ ಅದ್ದಿದ್ದು. ಅಷ್ಟು ಸ್ಪಷ್ಟ ಚಿತ್ರ. ಉಳಿದದ್ದೆಲ್ಲ ದನಿ. ಅವನು ಒಂದು, ಎರಡು ಎಂದು ನಿಂತಾಗ ಅವಳು ಖಾಲಿ ಕೋಣೆಯಲ್ಲಿ "ಬಂತು" ಎನ್ನುತ್ತಿದ್ದಳು. ಅವನು ನಾಲ್ಕು ಎನ್ನುತ್ತಿದ್ದ.

ಈ ವರ್ಷ ಆ ದನಿಯೊಳಗೆ ಕೆಮ್ಮು ಸೇರಿತು.

ಮೊದಲು ಅವಳು ಧೂಳೆಂದುಕೊಂಡಳು. ಆದರೆ ಕೆಮ್ಮು ಅವಳ ಕಸುಬು. ಗಂಟಲಿನದು ಯಾವುದು, ಬೀಡಿಯದು ಯಾವುದು, ಎದೆಯೊಳಗೆ ಮನೆ ಮಾಡಿದ್ದು ಯಾವುದು ಎಂದು ಅವಳು ರೋಗಿ ಬಾಗಿಲಾಚೆ ಇರುವಾಗಲೇ ಹೇಳುತ್ತಿದ್ದಳು. ಡಾಕ್ಟರೇ ನಕ್ಕು, "ನೀವು ಕಿವಿಯಲ್ಲೇ ಎಕ್ಸ್‌ರೇ ತೆಗೀತೀರ ಬಿಡಿ," ಎಂದಿದ್ದರು. ತಮ್ಮನದು ಸಂಜೆಗೆ ಏರುವ ಕೆಮ್ಮು; ಕೊನೆಯಲ್ಲಿ ಉಸಿರು ತುಸು ಮುರಿಯುತ್ತಿತ್ತು. ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕತೊಡಗಿದಳು. ಎರಡು ವಾರ ದಾಟಿದ ಕೆಮ್ಮಿಗೆ ಎಕ್ಸ್‌ರೇ ತೆಗೆಯಬೇಕೆಂದು ಅವಳ ಕೋಣೆಯ ಗೋಡೆಯ ಮೇಲೇ ಬರೆದಿತ್ತು.

ಪ್ರತಿ ಭಾನುವಾರ ಚಿಕ್ಕಮ್ಮ ಫೋನ್ ಮಾಡುತ್ತಿದ್ದಳು. ಅಕ್ಕ ತಮ್ಮ ಇಬ್ಬರಿಗೂ ಫೋನ್ ಮಾಡುವ ಏಕೈಕ ಜೀವ ಅದು. ಆ ಭಾನುವಾರ ಅವಳು ಚಿಕ್ಕಮ್ಮನಿಗೆ ಹೇಳಿದಳು: "ಅವನಿಗೆ ಎದೆ ತೋರಿಸ್ಕೊಳ್ಳೋಕೆ ಹೇಳು. ಕೆಮ್ತಾ ಇದ್ದಾನೆ."

"ನಿನಗೆ ಯಾರು ಹೇಳಿದ್ರು?"

ಅವಳು ತಡವರಿಸಿದಳು. "ಕನಸು ಬಿತ್ತು."

"ಕನಸಲ್ಲಿ ಕೆಮ್ಮು ಕೇಳ್ಸುತ್ತಾ? ನನಗೆ ಕನಸಲ್ಲಿ ನಿಮ್ಮ ಚಿಕ್ಕಪ್ಪ ಬಂದ್ರೆ ಬಾಯೇ ಬಿಡಲ್ಲ, ಬದುಕಿದ್ದಾಗಿನ ಹಾಗೇ." ಚಿಕ್ಕಮ್ಮ ನಕ್ಕು, ಆಮೇಲೆ ನಿಟ್ಟುಸಿರಿಟ್ಟಳು. "ಹೇಳ್ತೀನಿ. ಆದ್ರೆ ನೀನೇ ಒಂದ್ಸಲ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ? ನೀವಿಬ್ಬರೂ ಒಂದೇ ಬಳ್ಳಿಯ ಹಾಗಲಕಾಯಿ. ಯಾವುದು ಹೆಚ್ಚು ಕಹಿ ಅಂತ ನೋಡೋಷ್ಟು ಆಯಸ್ಸು ನನಗಿಲ್ಲ ತಾಯಿ."

ನೀನೇ ಹೇಳು ಎನ್ನುವುದು ಸುಲಭ. ಹೇಳಿದರೆ 'ನಿನಗೆ ಹೇಗೆ ಗೊತ್ತು' ಎಂದು ಅವನು ಕೇಳುತ್ತಾನೆ. ಮನೆಗೆ ಬರಬೇಡ ಎಂದವಳು ನಾಲ್ಕು ವರ್ಷದಿಂದ ಅವನನ್ನು ಮನೆಯೊಳಗೆ ಕೂರಿಸಿಕೊಂಡಿದ್ದಾಳೆ ಎಂದು ಯಾವ ಬಾಯಿಂದ ಹೇಳುವುದು?

ಬುಧವಾರ ಸಂಜೆ ವ್ಯಾನು ಯಾವುದೋ ನ್ಯಾಯಾಲಯದ ಮೆಟ್ಟಿಲ ಮುಂದೆ ನಿಂತಿತ್ತು. ತೀರ್ಪು ತಡವಾಗಿತ್ತು. ವರದಿಗಾರ್ತಿ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದಳು. ವ್ಯಾನಿನ ಡ್ರೈವರ್ ಚಿತ್ರದ ಅಂಚಿನಲ್ಲಿ ಬಂದು ನಿಂತ.

"ಒಂದನೇ ತಾರೀಖಿಂದ ನಮ್ಮ ಲೈನಿಗೆ ಬೀಗ ಹಾಕ್ತಾರಂತೆ," ಎಂದ. "ಯಾರೋ ಮನೇಲಿ ಕೂತು ಕದ್ದು ನೋಡ್ತಾರಂತೆ ನಮ್ಮನ್ನ."

ವರದಿಗಾರ್ತಿ ನಕ್ಕಳು. "ನಮ್ಮನ್ನಾ? ಟಿವಿಯಲ್ಲಿ ಬಂದ್ರೇ ನೋಡಲ್ಲ ಜನ, ಇನ್ನು ಕದ್ದು ಬೇರೆ ನೋಡ್ತಾರಾ?"

ಕ್ಯಾಮೆರಾದ ಹಿಂದಿನಿಂದ ತಮ್ಮನ ದನಿ: "ನೋಡ್ಕೊಳ್ಳಲಿ ಬಿಡ್ರೀ. ಪಾಪ, ಯಾರೋ ಮಾತಾಡೋಕೆ ದಿಕ್ಕಿಲ್ಲದ ಮುದುಕ ಇರ್ತಾನೆ." ಆ ಮಾತಿನ ಬಾಲದಲ್ಲಿ ಕೆಮ್ಮು ಬಂತು. ಹೋಗಲು ಹೊತ್ತು ಹಿಡಿಯಿತು.

"ಸರ್, ಡಾಕ್ಟರಿಗೆ ತೋರಿಸಿ ಅಂತ ಎಷ್ಟು ಸಲ ಹೇಳ್ಲಿ?"

"ಧೂಳು ಕಣಮ್ಮ." ಅವನು ನಕ್ಕ. "ನಮ್ಮಕ್ಕನಿಗೆ ನಾನು ಕೆಮ್ಮೋ ಕನಸು ಬಿತ್ತಂತೆ. ಚಿಕ್ಕಮ್ಮ ಹೇಳಿದ್ರು. ಕನಸಲ್ಲಾದ್ರೂ ಒಳಗೆ ಬಿಟ್ಕೊಂಡಳಲ್ಲ."

"ಫೋನ್ ಮಾಡಿ ಮಾತಾಡಿ ಸರ್."

"ಬರಬೇಡ ಅಂದಿದ್ದಾಳೆ. ಅವಳು ಹೇಳಿದ್ರೆ ಹೇಳಿದ ಹಾಗೆ."

ಅವಳ ತಟ್ಟೆಯಲ್ಲಿದ್ದದ್ದು ಆರಿ ಗಟ್ಟಿಯಾಯಿತು. ಒಂದನೇ ತಾರೀಖಿಗೆ ನಾಲ್ಕು ದಿನ ಉಳಿದಿತ್ತು.

ಮೂವತ್ತೊಂದರ ಸಂಜೆ ಅವಳು ಎಂದಿಗಿಂತ ಬೇಗ ಬಂದು ಕಂಪ್ಯೂಟರ್ ಹಾಕಿದಳು. ಬಾಯಿಪಾಠ ಮಾಡಿಕೊಂಡ ಮಾತುಗಳಿದ್ದವು. ಬೇರೆ ಹೊತ್ತಿನಲ್ಲಿ ಫೋನ್ ಮಾಡಿದರೆ ಅವನು ಹೆಸರು ನೋಡಿ ಎತ್ತದೆ ಇರಬಹುದು. ನೋಡಿ ಎತ್ತಿದರೆ ಇನ್ನೂ ಕಷ್ಟ. ಕೆಲಸದ ಹೊತ್ತಿನಲ್ಲಿ ಅವನ ಕಣ್ಣು ಕ್ಯಾಮೆರಾದಲ್ಲಿ, ಫೋನಿನ ತಂತಿ ಕಿವಿಯಲ್ಲಿ. ಸ್ಟುಡಿಯೋದ ಕರೆ ಎಂದು ನೋಡದೆಯೇ ಎತ್ತುತ್ತಾನೆ. ನಾಲ್ಕು ವರ್ಷ ಕೇಳಿ ಕೇಳಿ ಅವಳಿಗೆ ಇದು ಗೊತ್ತಿತ್ತು.

ಐದು ಐವತ್ತೈದು. ತೆರೆಯ ಮೇಲೆ ಕಾರ್ಖಾನೆಯೊಂದರ ಗೇಟು, ಮೈಕು ಹಿಡಿದು ಸಿದ್ಧವಾಗಿ ನಿಂತ ವರದಿಗಾರ್ತಿ. ಬಿಳಿ ಹಾಳೆ ಬಂತು, ಹೆಬ್ಬೆರಳು ಬಂತು, ಹೋಯಿತು. ಅವಳು ಕರೆ ಒತ್ತಿದಳು. ಎರಡು ಸಲ ಗಂಟೆ ಹೊಡೆಯಿತು.

"ಹ್ಞಾಂ ಸ್ಟುಡಿಯೋ, ಹೇಳಿ. ಚಿತ್ರ ಬಂತಾ?"

ಬಾಯಿಪಾಠವೆಲ್ಲ ಎಲ್ಲಿ ಹೋಯಿತೋ. ಅವಳ ಬಾಯಿಂದ ಹೊರಟದ್ದು ಒಂದೇ: "ಬಂತು."

ಆಕಾಶ ಸುತ್ತಿ ಬರುವ ದನಿ ಯಾವಾಗಲೂ ಸ್ವಲ್ಪ ತಡ. ಕಂಪ್ಯೂಟರಿನಿಂದ ಈಗ ಅದೇ ಪ್ರಶ್ನೆ ಇನ್ನೊಮ್ಮೆ ಬಂತು: "ಹ್ಞಾಂ ಸ್ಟುಡಿಯೋ, ಹೇಳಿ. ಚಿತ್ರ ಬಂತಾ?" ಕೋಣೆಯೊಳಗೆ ಅವನು ಎರಡು ಸಲ ಕೇಳಿದಂತಾಯಿತು.

"ಅಕ್ಕಾ?"

"ಆ ಕೆಮ್ಮಿಗೆ ಇವತ್ತಿಗೆ ಇಪ್ಪತ್ತಾರು ದಿನ. ಎಕ್ಸ್‌ರೇ ತೆಗೆಸು. ಧೂಳು ಗೀಳು ಅನ್ನಬೇಡ."

"ನೀನು... ಎಲ್ಲಿಂದ ನೋಡ್ತಿದೀಯಾ?"

"ಕೆಳಗಿಂದ."

ಅವನ ಉಸಿರು ಕೇಳಿಸುತ್ತಿತ್ತು. ತೆರೆಯ ಮೇಲೆ ವರದಿಗಾರ್ತಿ ಕತ್ತು ಉದ್ದ ಮಾಡಿ ಕೇಳಿದಳು: "ಸರ್, ಸ್ಟುಡಿಯೋದವರು ಏನಂತೆ? ಒಂದೇ ನಿಮಿಷ ಇರೋದು!"

"ಎಷ್ಟು ದಿನದಿಂದ?" ಎಂದ ತಮ್ಮ.

"ನಾಲ್ಕು ವರ್ಷ." ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಅವತ್ತು ಬಾಗಿಲಲ್ಲಿ ನಾನು ಆಡಿದ ಮಾತು..."

ಫೋನಿನಲ್ಲಿ ಟಿಕ್ ಟಿಕ್ ಎಂದು ಇನ್ನೊಂದು ಕರೆ ಸದ್ದು ಮಾಡಿತು. "ಸ್ಟುಡಿಯೋ ಬಂತು. ಲೈನ್ ಬಿಡು ಅಕ್ಕ," ಎಂದ. ಕರೆ ಕಡಿಯಿತು. ತುಸು ತಡೆದು ಕಂಪ್ಯೂಟರ್ ಕೂಡ ಅದನ್ನೇ ಹೇಳಿತು: "ಲೈನ್ ಬಿಡು ಅಕ್ಕ." ವರದಿಗಾರ್ತಿ ಥಟ್ಟನೆ ಕ್ಯಾಮೆರಾದ ಕಡೆ, ಅಂದರೆ ಅವನ ಕಡೆ ನೋಡಿದಳು. ಏನೂ ಕೇಳಲಿಲ್ಲ.

ವಾರ್ತೆ ನಾಲ್ಕು ನಿಮಿಷ ನಡೆಯಿತು. ಮಧ್ಯದಲ್ಲೊಮ್ಮೆ ಚಿತ್ರ ಕೂದಲೆಳೆಯಷ್ಟು ಅಲುಗಿತು. ಟಿವಿಯಲ್ಲಿ ನೋಡಿದವರಿಗೆ ಅದು ತಿಳಿದಿರಲಾರದು. ಮುಗಿದ ಕೂಡಲೇ ಎಂದಿನಂತೆ ಕ್ಯಾಮೆರಾ ಆರಿ, ತೆರೆಯ ತುಂಬ ಬಣ್ಣದ ಪಟ್ಟಿಗಳು ಬರಬೇಕಿತ್ತು. ಅಂದು ಕ್ಯಾಮೆರಾ ಮೆಲ್ಲನೆ ತಿರುಗಿ, ಮೇಲೆದ್ದು, ವ್ಯಾನಿನ ತಲೆಯ ಮೇಲಿದ್ದ ಡಿಶ್‌ನ ಮೇಲೆ ನಿಂತಿತು. ಅದರ ಹಿಂದೆ ಬೂದು ಆಕಾಶ. ಮಾತಿಲ್ಲ, ಕೆಮ್ಮೂ ಇಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಪಟ್ಟಿಗಳು ಬಂದವು.

ಮರುದಿನ ಸಂಜೆ ತೆರೆ ಕಪ್ಪಗಿತ್ತು. ಬೀಗ ಬಿದ್ದಿತ್ತು. ಆದರೆ ಮೂಲೆಯಲ್ಲಿ ಸಿಗ್ನಲ್ ತೋರಿಸುವ ಹಸಿರು ಗೀಟು ಮಾತ್ರ ತುಂಬಿ ನಿಂತಿತ್ತು. ಬೀಗ ಹಾಕಿದ ಮನೆಯೊಳಗೆ ದೀಪ ಉರಿಯುವುದು ಬಾಗಿಲ ಸಂದಿಯಲ್ಲಿ ಕಂಡ ಹಾಗೆ. ವ್ಯಾನು ಎಲ್ಲೋ ನಿಂತಿದೆ, ಅವನು ಅದರ ಪಕ್ಕದಲ್ಲಿದ್ದಾನೆ ಎಂದಷ್ಟೇ ಅದರ ಅರ್ಥ. ಯಾವ ಊರೋ, ಯಾವ ಗೇಟೋ, ಕೆಮ್ಮು ಏರಿತೋ ಇಳಿಯಿತೋ, ಗೀಟು ಹೇಳುತ್ತಿರಲಿಲ್ಲ. ಅವಳು ಅದರ ಮುಂದೆ ಕೂತು ಉಂಡಳು. ಆರೂವರೆಗೆ ಗೀಟು ಆರಿತು. ಅವಳೂ ಎದ್ದು ಪಾತ್ರೆ ತೊಳೆದಳು.

ಹನ್ನೊಂದು ದಿನ ಹಾಗೇ ಹೋಯಿತು. ಅವನ ಫೋನ್ ಬರಲಿಲ್ಲ. ಅವಳೂ ಮಾಡಲಿಲ್ಲ, ಅರ್ಧಕ್ಕೆ ನಿಂತ ಮಾತನ್ನು ಎಲ್ಲಿಂದ ಎತ್ತಿಕೊಳ್ಳಬೇಕೆಂದು ತಿಳಿಯಲಿಲ್ಲ. ಭಾನುವಾರ ಚಿಕ್ಕಮ್ಮ, "ಅವನು ಯಾಕೋ ನಿನ್ನ ಮಾತೇ ಎತ್ತಲಿಲ್ಲ, ನೀನೂ ಕೇಳ್ಬೇಡ," ಎಂದಳು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅವಳು "ಹಿಡ್ಕೊಳ್ಳಿ" ಎಂದವಳು ಗಾಜಿನ ಹಿಂದೆ ಎಲ್ಲೋ ನೋಡುತ್ತ ನಿಂತುಬಿಟ್ಟಳು. "ಬಿಡಲಾ ಅಕ್ಕ?" ಎಂದು ಒಳಗಿಂದ ರೋಗಿಯೇ ಕೇಳಬೇಕಾಯಿತು. ಆಯಾಗೆ ಅದು ವಾರಕ್ಕಾಗುವಷ್ಟು ನಗೆಯಾಯಿತು.

ಹನ್ನೆರಡನೆಯ ದಿನ ಐದೂವರೆಗೆ, ಅವಳು ಬಾಗಿಲ ಬೀಗ ತೆಗೆಯುತ್ತಿರುವಾಗ ಫೋನ್ ಸದ್ದು ಮಾಡಿತು. ತಮ್ಮನ ನಂಬರಿನಿಂದ ಒಂದು ಚಿತ್ರ ಬಂದಿತ್ತು. ಜೊತೆಗೆ ಒಂದಕ್ಷರವೂ ಇರಲಿಲ್ಲ.

ಅವಳು ಚಪ್ಪಲಿಯನ್ನೂ ಬಿಡದೆ ಅಪ್ಪನ ಕೋಣೆಗೆ ಹೋಗಿ ಅದನ್ನು ಕಂಪ್ಯೂಟರಿನ ದೊಡ್ಡ ತೆರೆಯಲ್ಲಿ ತೆರೆದಳು. ಎದೆಯ ಎಕ್ಸ್‌ರೇ. ಬೇರೆ ಯಾವುದೋ ಊರಿನ ಆಸ್ಪತ್ರೆಯದು. ಭುಜ ಸರಿಯಾಗಿ ಮುಂದೆ ಹಾಕಿಸಿರಲಿಲ್ಲ, ತೆಗೆದವರಿಗೆ ಅವಸರವಿತ್ತು. ಯಾವ ಕ್ಯಾಮೆರಾದ ಮುಂದೆಯೂ ಬಾರದವನು ಮೊದಲ ಸಲ ಎದುರಿಗೆ ಬಂದು ನಿಂತಿದ್ದ, ಉಸಿರು ಹಿಡಿದು. ಹನ್ನೆರಡು ಜೋಡಿ ಪಕ್ಕೆಲುಬು, ಚಿಕ್ಕಂದಿನಲ್ಲಿ ತಾರಸಿಯ ಏಣಿಯಿಂದ ಬಿದ್ದು ಮುರಿದು ಕೂಡಿಕೊಂಡ ಕೊರಳೆಲುಬಿನ ಗಂಟು, ಎಡಕ್ಕೆ ವಾಲಿದ ಹೃದಯದ ನೆರಳು. ಬಲಗಡೆ ಮೇಲೆ, ಕೊರಳೆಲುಬಿನ ಕೆಳಗೆ, ಊದಿದ ಹತ್ತಿಯಂಥ ಒಂದು ಮೋಡ.

ಅವಳು ಬಹಳ ಹೊತ್ತು ನೋಡಿದಳು. ಕ್ಷಯದ ಇಂಥ ಮೋಡವನ್ನು ಅವಳು ಸಾವಿರ ಸಲ ಕಂಡಿದ್ದಳು. ಆರು ತಿಂಗಳು ಬಿಡದೆ ಗುಳಿಗೆ ನುಂಗಿದವರಲ್ಲಿ ಅದು ಕರಗಿಹೋದದ್ದನ್ನೂ ಅಷ್ಟೇ ಸಲ ಕಂಡಿದ್ದಳು. ಬಿಟ್ಟು ಬಿಟ್ಟು ನುಂಗಿದವರದನ್ನೂ ಕಂಡಿದ್ದಳು. ಊರೂರು ಸುತ್ತುವವನು, ಹೊತ್ತಿಗೆ ಸರಿಯಾಗಿ ಉಣ್ಣದವನು, ಗುಳಿಗೆಯ ನೆನಪು ಯಾರು ಮಾಡುತ್ತಾರೆ?

ಫೋನ್ ತೆಗೆದು "ಬಂತು" ಎಂದು ಬರೆದಳು. ಕಳಿಸಿದಳು. ಅಷ್ಟು ಸಾಕೆನಿಸಲಿಲ್ಲ. ಗುಳಿಗೆಯ ವಿಷಯ ಬರೆದಳು, ಅಳಿಸಿದಳು. ಬಾಗಿಲಲ್ಲಿ ಆಡಿದ ಮಾತಿನ ವಿಷಯ ಬರೆದಳು, ಅದನ್ನೂ ಅಳಿಸಿದಳು. ಎದ್ದು ಹೊರಬಾಗಿಲಿಗೆ ಹೋದಳು. ಬೀಗದ ಕೈ ಇನ್ನೂ ಬೀಗದಲ್ಲೇ ತೂಗುತ್ತಿತ್ತು, ಬಾಗಿಲು ಅರ್ಧ ತೆರೆದಿತ್ತು. ಆರು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲೇ ನಿಂತು ಅವಳು ಬರೆದಳು:

"ಮನೆಗೆ ಬಾ."

ಒಳಗೆ ಬಂದು ನೋಡಿದರೆ ಕಂಪ್ಯೂಟರಿನ ಮೂಲೆಯಲ್ಲಿ ಹಸಿರು ಗೀಟು ಹತ್ತಿತ್ತು. ವ್ಯಾನು ಎಲ್ಲೋ ಡಿಶ್ ಎತ್ತಿ ನಿಂತಿದೆ. ಅವನು ಕೆಲಸದಲ್ಲಿದ್ದಾನೆ, ವಾರ್ತೆ ಮುಗಿಯುವ ತನಕ ಬಂದ ಸಂದೇಶ ನೋಡುವವನಲ್ಲ. ಆಮೇಲೂ ನೋಡಿ ಏನೆನ್ನುತ್ತಾನೋ. ಕೆಳಮನೆಯಲ್ಲಿ ದರ್ಜಿಯ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು.

ಅವಳು ದೀಪ ಹಾಕಲಿಲ್ಲ. ಫೋನನ್ನು ಮಡಿಲಲ್ಲಿಟ್ಟುಕೊಂಡು, ತೆರೆಯ ಮೇಲಿನ ತಮ್ಮನ ಎದೆಯ ಬೆಳಕಿನಲ್ಲಿ ಕೂತು, ಗಟ್ಟಿಯಾಗಿಯೇ ಎಣಿಸಿದಳು.

"ಒಂದು. ಎರಡು."

ಆಮೇಲೆ ಬಾಯಿ ಮುಚ್ಚಿ ಕಾದಳು.